‘ಮರ್ಯಾದಸ್ಥ’ ಎಂಬ ಮಾತನ್ನು ಆಂಟನಿ ಹೇಗೆ ಹೇಳಬೇಕು?

ಕಾಲೇಜು ರಂಗತಂಡಗಳಿಗೆ ತಾಲೀಮು ಮಾಡಿಸಲು ಹೋದಾಗಲೆಲ್ಲ, ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕದ ಎರಡನೆಯ ದೃಶ್ಯಕ್ಕೆ ಬಂದೊಡನೆ ನಾನು ಒಂದೇ ತಪ್ಪನ್ನು ತಿದ್ದಬೇಕಾಗುತ್ತದೆ. ಸೀಸರನಿಗೆ ಅಧಿಕಾರದಾಸೆಯಿತ್ತೆಂದು ಬ್ರೂಟಸ್ ಮತ್ತು ಅವನ ಸಂಗಡಿಗರು ಅವನನ್ನು ಕೊಂದಿದ್ದಾರೆ; ಸೀಸರನ ಗೆಳೆಯ ಆಂಟನಿ ಶವದೆದುರು ಜನರೊಡನೆ ಮಾತನಾಡುವ ದೃಶ್ಯ ಅದು. ಆಂಟನಿಯ ಪಾತ್ರ ವಹಿಸಿದವರು ‘ಬ್ರೂಟಸ್ ಮರ್ಯಾದಸ್ಥ’ ಎಂಬ ಮಾತನ್ನು ಮೊದಲ ಸಲವೇ ತುಟಿ ಕೊಂಕಿಸಿ ಹೇಳಿಬಿಡುತ್ತಾರೆ. ಮುಂದಿನ ಕಥೆ ಅವರಿಗೆ ಗೊತ್ತಿದೆ. ಎದುರು ನಿಂತ ರೋಮಿನ ಜನರಿಗೆ ಗೊತ್ತಿಲ್ಲ.

ಆ ಜನ ಆಗಷ್ಟೇ ಬ್ರೂಟಸನ ಮಾತು ಕೇಳಿದ್ದಾರೆ. ಸೀಸರನ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ, ರೋಮಿನ ಮೇಲಿನ ಪ್ರೀತಿ ಹೆಚ್ಚಾಗಿತ್ತು ಎಂದು ಅವನು ಗದ್ಯದಲ್ಲಿ, ತಕ್ಕಡಿಯಲ್ಲಿ ತೂಗಿಟ್ಟಂಥ ವಾಕ್ಯಗಳಲ್ಲಿ ಹೇಳಿ ಇಳಿದಿದ್ದಾನೆ. ಗುಲಾಮನಾಗಲು ಬಯಸುವವರಿದ್ದರೆ ಹೇಳಿ ಎಂದು ಕೇಳಿದರೆ ಯಾರು ತಾನೇ ಕೈಯೆತ್ತುತ್ತಾರೆ? ಗುಂಪಿನಲ್ಲೊಬ್ಬ ಬ್ರೂಟಸನೇ ಸೀಸರನಾಗಲಿ ಎನ್ನುತ್ತಾನೆ. ಇನ್ನೊಬ್ಬ, ಆಂಟನಿ ಇಲ್ಲಿ ಬ್ರೂಟಸನ ಬಗ್ಗೆ ಕೆಟ್ಟದ್ದಾಡದಿದ್ದರೇ ಒಳ್ಳೆಯದು ಎನ್ನುತ್ತಾನೆ. ಹಂತಕರನ್ನು ದೂಷಿಸಕೂಡದು, ಅವರ ಅಪ್ಪಣೆಯಿಂದಲೇ ಮಾತನಾಡುತ್ತಿದ್ದೇನೆಂದು ಸಾರಬೇಕು ಎಂಬ ಕರಾರು ಬೇರೆ ಆಂಟನಿಯ ತಲೆಯ ಮೇಲಿದೆ.

ಒಮ್ಮೆ ಆಂಟನಿಯ ಪಾತ್ರ ಮಾಡುತ್ತಿದ್ದ ಹುಡುಗಿ ಆ ಮಾತನ್ನು ಮೊದಲ ಬಾರಿಗೇ ನಗುತ್ತಾ ಹೇಳಿದಳು. ನಾಗರಿಕನಾಗಿದ್ದ ಹುಡುಗ ತಾಲೀಮು ನಿಲ್ಲಿಸಿ, “ಸರ್, ಇವಳು ಆಗಲೇ ಬೈದುಬಿಟ್ಟಳಲ್ಲ, ಇನ್ನು ನಾನೇಕೆ ಸುಮ್ಮನೆ ನಿಂತಿರಬೇಕು?” ಎಂದು ಕೇಳಿದ. ಆ ಪ್ರಶ್ನೆಗಾಗಿ ಅವನನ್ನು ಈಗಲೂ ಅಕ್ಕರೆಯಿಂದ ನೆನೆಯುತ್ತೇನೆ.

ಮೊದಲ ಸಲ ಆ ಮಾತು ಕೃತಜ್ಞತೆಯಂತೆಯೇ ಕೇಳಿಸಬೇಕು. ಅನಂತರ ಆಂಟನಿ ಒಂದೊಂದೇ ಸಂಗತಿಯನ್ನು ತಂದು ಅದರ ಪಕ್ಕದಲ್ಲಿಡುತ್ತಾನೆ: ಸೆರೆಯಾಳುಗಳ ಬಿಡುಗಡೆಯ ಹಣ ರೋಮಿನ ಬೊಕ್ಕಸ ತುಂಬಿತು, ಬಡವರು ಅತ್ತಾಗ ಸೀಸರನೂ ಅತ್ತ, ಲೂಪರ್ಕಾಲ್ ಹಬ್ಬದಲ್ಲಿ ಮೂರು ಸಲ ನೀಡಿದ ಕಿರೀಟವನ್ನು ಮೂರು ಸಲವೂ ಒಲ್ಲೆನೆಂದ. ‘ಮರ್ಯಾದಸ್ಥ’ ಎಂಬ ಪದ ಬದಲಾಗುವುದೇ ಇಲ್ಲ, ಪಕ್ಕದ ಸಂಗತಿಗಳ ಭಾರಕ್ಕೆ ಅದು ತಾನಾಗಿ ಬಾಗುತ್ತದೆ. ಕೊನೆಗೆ, ಸೀಸರನ ಉಯಿಲನ್ನು ಓದದೆ ಸತಾಯಿಸುವಾಗ, ಆ ಮರ್ಯಾದಸ್ಥರಿಗೆ ಅನ್ಯಾಯ ಮಾಡುತ್ತಿದ್ದೇನೋ ಎಂದು ಅವನು ಅಳುಕಿದೊಡನೆ ಒಬ್ಬ ನಾಗರಿಕ ಕೂಗುತ್ತಾನೆ: “ದ್ರೋಹಿಗಳು ಅವರು! ಮರ್ಯಾದಸ್ಥರಂತೆ!” ಕನ್ನಡದ ಆ ‘ಅಂತೆ’ ಹುಟ್ಟಬೇಕಾದದ್ದು ಆ ನಾಗರಿಕನ ಬಾಯಲ್ಲಿ. ಆಂಟನಿ ‘ದ್ರೋಹಿ’ ಎಂಬ ಪದವನ್ನು ಬಳಸುವುದು ಆಮೇಲೆ, ಸೀಸರನ ಹರಿದ ಮೇಲಂಗಿಯನ್ನೂ ಅದರಡಿಯ ಗಾಯಗಳನ್ನೂ ತೋರಿಸುವಾಗ. ಅವನು ಮೊದಲೇ ಕೊಂಕು ನುಡಿದರೆ ಜನರಿಗೆ ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ.

ಇದೊಂದೇ ದಾರಿಯೆಂದು ನಾನು ಹೇಳಲಾರೆ. ಮೂರನೆಯ ಸಲದ ಹೊತ್ತಿಗೆ ದನಿಯಲ್ಲಿ ತುಸು ಬಿರುಸು ಬಂದರೆ ತಡೆಯುವುದಿಲ್ಲ. ಆದರೆ ತಾಲೀಮಿನ ಹೆಚ್ಚಿನ ಸಮಯವನ್ನು, ನನ್ನ ಹೃದಯ ಶವಪೆಟ್ಟಿಗೆಯಲ್ಲಿದೆ, ಅದು ಮರಳುವವರೆಗೆ ತಾಳಿ ಎಂದು ಆಂಟನಿ ಮಾತು ನಿಲ್ಲಿಸುವ ಜಾಗಕ್ಕೆ ಕೊಡಿ. ಅಲ್ಲಿ ನಾಗರಿಕರು ತಮ್ಮತಮ್ಮಲ್ಲೇ ಲೆಕ್ಕ ಹಾಕುತ್ತಾರೆ: ಕಿರೀಟ ಬೇಡವೆಂದವನಿಗೆ ಅಧಿಕಾರದಾಸೆ ಎಲ್ಲಿಂದ ಬಂತು? ಅತ್ತು ಅತ್ತು ಆಂಟನಿಯ ಕಣ್ಣು ಕೆಂಡದಂತಾಗಿದೆ ಎಂದು ಒಬ್ಬ ಗಮನಿಸುತ್ತಾನೆ. ಆದ್ದರಿಂದ ಪೂರ್ತಿ ಬೆನ್ನು ತಿರುಗಿಸಬೇಡಿ, ಮುಖ ಮುಚ್ಚಿಕೊಳ್ಳಬೇಡಿ. ಆ ನಾಗರಿಕನಿಗೆ ನಿಮ್ಮ ಕಣ್ಣು ಕಾಣುವಂತೆ ನಿಂತು, ಆ ಮಾತು ಬರುವವರೆಗೆ ಕಾಯಿರಿ.