ಕುಸನೂರಿನ ಗಾಯರಾಣ, ಕಂಪ್ಯೂಟರಿನ ಕುರಿ

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸೇರಿದ ಜನ, ಊರಿನ ದನಕರುಗಳಿಗೆ ಆಸರೆಯಾಗಿದ್ದ ಸಾಮೂಹಿಕ ಭೂಮಿಯಲ್ಲಿ, ಅಂದರೆ ಗಾಯರಾಣದಲ್ಲಿ, ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಸರ್ಕಾರ ಮತ್ತು ಖಾಸಗಿ ಕಾರ್ಖಾನೆಯೊಂದರ ಜಂಟಿ ಸಂಸ್ಥೆಯಾದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಇಂಥ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ವಹಿಸಲು ಹೊರಟಿದ್ದೇ ಈ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹಕ್ಕೆ ಕಾರಣ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೋರಾಟದ ಮುಂಚೂಣಿಯಲ್ಲಿತ್ತು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿ ಮುಚ್ಚಿತು.

ಊರವರ ಕೈಗೆ ಬಿಟ್ಟರೆ ಗಾಯರಾಣ ಬರಡಾಗುತ್ತದೆ ಎಂಬ ವಾದಕ್ಕೆ ವಿದ್ವತ್ತಿನ ಬಲ ಬಂದದ್ದು 1968ರಲ್ಲಿ, ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಬಂಧದಿಂದ. ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಹುಲ್ಲು ಮುಗಿಯುತ್ತದೆ ಎಂಬುದು ಅವರ ತರ್ಕ. ಅದರಲ್ಲಿ ದನಗಾಹಿಗಳು ಒಬ್ಬರೊಡನೊಬ್ಬರು ಮಾತನಾಡುವುದೇ ಇಲ್ಲ. ಚಾವಡಿಯಲ್ಲಿ ಅರ್ಧ ದಿನ ಕೂತವರು ಯಾರೂ ಇದನ್ನು ಒಪ್ಪಲಾರರು. ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ 1990ರಲ್ಲಿ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ ಮೊದಲಾದ ಹಳೆಯ ವ್ಯವಸ್ಥೆಗಳನ್ನು ಪರಿಶೀಲಿಸಿ, ಅವು ಬಾಳಿದ್ದು ಸ್ಪಷ್ಟ ಗಡಿ, ಬಳಕೆದಾರರೇ ಮಾಡಿಕೊಂಡ ನಿಯಮ, ಕಾವಲು, ಹಂತಹಂತವಾಗಿ ಏರುವ ದಂಡ ಮುಂತಾದ ಎಂಟು ತತ್ತ್ವಗಳಿಂದ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಂಥ ನಿಯಮಗಳನ್ನು ನಿಜವಾದ ಊರಿನಲ್ಲಿ ಬದಲಿಸಿ ನೋಡಲಾಗದು, ಕಂಪ್ಯೂಟರಿನಲ್ಲಿ ಆಗುತ್ತದೆ. ಕುರಿಗೋ ಮನುಷ್ಯನಿಗೋ ನಿಯಮ ಕೊಟ್ಟು ಆಡಿಸಿ ನೋಡುವ ನೆಟ್‌ಲೋಗೊದಂಥ ತಂತ್ರಾಂಶದ ಪರದೆಯ ಮೇಲೆ ಹಸಿರು ಚೌಕಗಳಿರುತ್ತವೆ. ಕುರಿ ಮೇಯ್ದ ಚೌಕ ಕಂದಾಗುತ್ತದೆ, ಕಾಲದ ನಿಗದಿತ ಹೆಜ್ಜೆಗಳು ಕಳೆದ ಮೇಲೆ ಮತ್ತೆ ಚಿಗುರುತ್ತದೆ. ಅದಕ್ಕೊಬ್ಬ ಕಾವಲುಗಾರನನ್ನೂ ದಂಡವನ್ನೂ ಸೇರಿಸಬಹುದು. ಕಾವಲುಗಾರನ ಕೂಲಿಯನ್ನೂ ಲೆಕ್ಕಕ್ಕೆ ತಂದರೆ, ಅದನ್ನು ಯಾರು ಕೊಡಬೇಕೆಂದು ಬರೆದು ತಿಳಿಸಲೇಬೇಕು. ಸಭೆಯಲ್ಲಿ ತೇಲಿಸಿಬಿಡುವ ಈ ಪ್ರಶ್ನೆಯನ್ನು ಯಂತ್ರ ತೇಲಿಸಲು ಬಿಡುವುದಿಲ್ಲ.

ಇದರ ಅತ್ಯುತ್ತಮ ಉದಾಹರಣೆ ಬಾಲಿ ದ್ವೀಪದ್ದು. ಅಲ್ಲಿ ಯಾವ ರೈತರ ಸಂಘ ಯಾವಾಗ ಭತ್ತ ನಾಟಬೇಕೆಂಬುದು ಜಲದೇವಾಲಯಗಳಲ್ಲಿ ನಿಶ್ಚಯವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಆ ಪದ್ಧತಿಯನ್ನು ಬದಿಗೊತ್ತಿ, ಆದಷ್ಟು ಹೆಚ್ಚು ಬೆಳೆ ತೆಗೆಯಲು ಹೇಳಿದಾಗ ನೀರಿನ ಕೊರತೆಯೂ ಕೀಟಬಾಧೆಯೂ ಹೆಚ್ಚಿದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ 1993ರಲ್ಲಿ ಇಂಥ 172 ಸಂಘಗಳ ಕಂಪ್ಯೂಟರ್ ಮಾದರಿ ಕಟ್ಟಿ, ಪ್ರತಿ ಸಂಘವೂ ತನಗಿಂತ ಚೆನ್ನಾಗಿ ಬೆಳೆದ ನೆರೆಯವರ ವೇಳಾಪಟ್ಟಿಯನ್ನು ಅನುಸರಿಸಲಿ ಎಂಬ ಒಂದೇ ನಿಯಮ ಕೊಟ್ಟರು. ಹೊರಬಂದ ವಿನ್ಯಾಸ ದೇವಾಲಯಗಳ ವ್ಯವಸ್ಥೆಯನ್ನೇ ಬಹುಮಟ್ಟಿಗೆ ಹೋಲುತ್ತಿತ್ತು: ಒಟ್ಟಿಗೆ ಗದ್ದೆ ಬೀಳುಬಿಟ್ಟಾಗ ಕೀಟಕ್ಕೆ ಆಹಾರವಿಲ್ಲ, ಸರದಿಯಲ್ಲಿ ನಾಟಿದಾಗ ನೀರಿಗೆ ಜಗಳವಿಲ್ಲ. ಅಧಿಕಾರಿಗಳು ಮೂಢನಂಬಿಕೆ ಎಂದು ತಿಳಿದದ್ದರೊಳಗೆ ಲೆಕ್ಕ ಅಡಗಿತ್ತು.

ಫ್ರಾನ್ಸಿನ ಸಂಶೋಧಕರು ಸೆನೆಗಲ್ ನದಿ ಕಣಿವೆಯ ನೀರಾವರಿಗೆ ಇಂಥದೇ ಮಾದರಿ ಕಟ್ಟಿ, ರೈತರಿಗೆ ಅದು ಅರ್ಥವಾಗಲೆಂದು ಪಾತ್ರವಹಿಸಿ ಆಡುವ ಆಟವನ್ನಾಗಿ ಮಾಡಿದರು. ಹಾವೇರಿ, ಗದಗ ಜಿಲ್ಲೆಗಳ ಕೆರೆ ಬಳಕೆದಾರರ ಸಂಘಗಳಲ್ಲಿ ಹೂಳು, ತೂಬು, ಮೀನಿನ ಹರಾಜಿನ ನಿಯಮಗಳನ್ನು ಹೀಗೆ ಆಡಿ ನೋಡಬಹುದು. ಆದರೆ ಆಟದಲ್ಲಿ ಊರವರನ್ನಷ್ಟೇ ಇಟ್ಟರೆ ಸಾಲದು. ಊರಿಗೆ ತನ್ನ ನಿಯಮ ಮಾಡಿಕೊಳ್ಳುವ ಹಕ್ಕನ್ನು ಸರ್ಕಾರ ಮನ್ನಿಸಬೇಕೆಂಬುದು ಆಸ್ಟ್ರಮ್ ಅವರ ಏಳನೆಯ ತತ್ತ್ವ. ಕುಸನೂರಿನಲ್ಲಿ ಮುರಿದದ್ದು ಅದೇ. ಅಲ್ಲಿ ಗಾಯರಾಣಕ್ಕೆ ಬಂದದ್ದು ಪಕ್ಕದ ಮನೆಯವನ ಇನ್ನೊಂದು ದನವಲ್ಲ, ಬೆಂಗಳೂರಿನಿಂದ ಹೊರಟ ಒಂದು ಆದೇಶ.