ಬಿಸಿಬೇಳೆಬಾತ್ ಪುಡಿ ಮುಗಿದಿದೆ, ಸಾಂಬಾರ್ ಪುಡಿ ನಡೆಯುತ್ತಾ?

ಪ್ರಶ್ನೆ: ಚಳಿಗೆ ಅವರೆಕಾಳು ಹಾಕಿ ಬಿಸಿಬೇಳೆಬಾತ್ ಮಾಡೋಣ ಅಂದ್ರೆ ಪುಡಿ ಡಬ್ಬ ಖಾಲಿ. ಸಾಂಬಾರ್ ಪುಡಿ, ವಾಂಗಿಬಾತ್ ಪುಡಿ, ಗರಂ ಮಸಾಲೆ ಇವೆ. ಯಾವುದು ಹಾಕಲಿ?

ಉತ್ತರ: ಯೋಚನೆಯೇ ಬೇಡ, ವಾಂಗಿಬಾತ್ ಪುಡಿ ಹಾಕಿ. ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಎರಡಕ್ಕೂ ಬೀಳುತ್ತವೆ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳು ಮೆಂತ್ಯ ಹುರಿದು ಕುಟ್ಟಿ ಸೇರಿಸಿದರೆ ಮುಗಿಯಿತು.

ಸಾಂಬಾರ್ ಪುಡಿಯ ಕಥೆ ಬೇರೆ. ಅದರಲ್ಲಿ ಧನಿಯ, ಮೆಂತ್ಯದ್ದೇ ದರ್ಬಾರು; ಚಕ್ಕೆ ಇದ್ದರೂ ಹೆಸರಿಗೆ, ತಮಿಳರ ಕಡೆಯ ಪುಡಿಯಾದರೆ ಸಾಮಾನ್ಯವಾಗಿ ಅದೂ ಇಲ್ಲ. ಅನ್ನ, ಬೇಳೆ ಎರಡೂ ಸೇರುವ ಬಾತಿಗೆ ಹುಳಿಗಿಂತ ಹೆಚ್ಚು ಪುಡಿ ಬೇಕು. ಆ ಅಳತೆಯಲ್ಲಿ ಸಾಂಬಾರ್ ಪುಡಿ ಸುರಿದರೆ ಮೆಂತ್ಯದ ಕಹಿ ನಾಲಿಗೆಗೆ ಹತ್ತುತ್ತದೆ. ಕಡಿಮೆ ಹಾಕಿದರೆ ತಟ್ಟೆಗೆ ಬರುವುದು ಬರೀ ಸಾಂಬಾರನ್ನ. ಒಂದು ಲೋಟ ಅಕ್ಕಿಗೆ 2 ದೊಡ್ಡ ಚಮಚಕ್ಕೆ ನಿಲ್ಲಿಸಿ. ಒಂದಿಂಚು ಚಕ್ಕೆ, 3 ಲವಂಗ, ಒಂದು ಮರಾಠಿ ಮೊಗ್ಗು, ಒಂದು ಚಮಚ ಕಡಲೆಬೇಳೆಯನ್ನು ಹನಿ ಎಣ್ಣೆಯಲ್ಲಿ ಹುರಿಯಿರಿ. ಒಲೆ ಆರಿಸಿ 2 ಚಮಚ ಒಣಕೊಬ್ಬರಿ ತುರಿ ಹಾಕಿ, ಆರಿದ ಮೇಲೆ ಪುಡಿ ಮಾಡಿ ಬೆರೆಸಿ. ಕಡಲೆಬೇಳೆ ಬಿಡಬೇಡಿ, ಬಾತು ಗಟ್ಟಿಯಾಗಿ ಕೂಡಿಕೊಳ್ಳುವುದಕ್ಕೆ ಅದೂ ಬೇಕು.

ಮರಾಠಿ ಮೊಗ್ಗು ಸಿಗದಿದ್ದರೆ ಇಲ್ಲದೆಯೇ ಮಾಡಿ. ಅದರ ಜಾಗಕ್ಕೆ ಚಕ್ರಮೊಗ್ಗು ಮಾತ್ರ ಬೇಡ. ಸೋಂಪಿನ ಘಮ ಬಂದು ಬಾತು ಬಿರಿಯಾನಿಯ ದಾರಿ ಹಿಡಿಯುತ್ತದೆ. ಗರಂ ಮಸಾಲೆಗೂ ನನ್ನದು ಇದೇ ತಕರಾರು. ಚಕ್ಕೆ ಲವಂಗವೂ ಇಲ್ಲದ ಮನೆಯಲ್ಲಿ ಕಾಲು ಚಮಚ, ಅಷ್ಟೇ.

ಗಸಗಸೆಯ ಚಿಂತೆ ಬಿಡಿ. ದುಬೈ ಕನ್ನಡಿಗರಿಗಂತೂ ಆ ಪ್ರಶ್ನೆಯೇ ಇಲ್ಲ, ಯುಎಇಯಲ್ಲಿ ಅದು ನಿಷಿದ್ಧ. ಊರಿಂದ ಪುಡಿ ಒಯ್ಯುವವರು ಇದನ್ನು ನೆನಪಿಡಬೇಕು. ಬದಲಿಗೆ ಕೊಬ್ಬರಿ ಒಂದು ಚಮಚ ಜಾಸ್ತಿ ಹಾಕಿಕೊಳ್ಳಿ.

ಯಾವ ಪುಡಿಯಾದರೂ ಮೊದಲು ತರಕಾರಿ, ಹುಣಸೆರಸದ ಜೊತೆ ಹಸಿವಾಸನೆ ಹೋಗುವಷ್ಟು ಕುದಿಯಲಿ, ಅನ್ನ-ಬೇಳೆ ಆಮೇಲೆ. ಚಳಿಯಲ್ಲಿ ಬಾತು ಬೇಗ ಬಿಗಿಯುತ್ತದೆ, ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಬಡಿಸುವಾಗ ಸಡಿಲ ಮಾಡಲು ಬಿಸಿನೀರೇ ಹಾಕಿ, ತುಪ್ಪಕ್ಕೆ ಕೈ ಬಿಗಿ ಹಿಡಿಯಬೇಡಿ.