ಪಿಂಗ್ ಬಾರದಿದ್ದರೆ ಸರ್ವರ್ ಡೌನ್ ಆಗಿದೆಯೇ?

ಪ್ರಶ್ನೆ: ಶಿರಸಿಯ ನಮ್ಮ ಆಫೀಸಿನಿಂದ ಬೆಂಗಳೂರಿನ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ವಿಧಾನ) ಆಗುತ್ತಿಲ್ಲ. ಪಿಂಗ್ ಕೂಡ ಬರುತ್ತಿಲ್ಲ. ಸರ್ವರ್ ಡೌನ್ ಆಗಿದೆಯೇ?

ಉತ್ತರ: ಪಿಂಗ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪಿಂಗ್ ಎಂದರೆ ಯಂತ್ರಕ್ಕೆ ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ. ಅದು ಓಡುವುದು ಐಸಿಎಂಪಿ ಎಂಬ ವಿಧಾನದಲ್ಲಿ, ಅದಕ್ಕೆ ಪೋರ್ಟ್ (ಯಂತ್ರದಲ್ಲಿ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು) ಎಂಬುದೇ ಇಲ್ಲ. ಎಸ್‌ಎಸ್‌ಎಚ್ ಹೋಗುವುದು ಟಿಸಿಪಿ ಎಂಬ ಇನ್ನೊಂದು ವಿಧಾನದ, ಸಾಮಾನ್ಯವಾಗಿ 22ನೇ ಪೋರ್ಟಿಗೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಫೈರ್‌ವಾಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮ. ಅಂಗಳದಲ್ಲಿ ನಿಂತು ಕೂಗಿದಾಗ ಯಾರೂ ಓಗೊಡದಿದ್ದರೆ ಮನೆ ಖಾಲಿ ಎಂದು ತಿರುಗಿ ಹೋಗುತ್ತೀರಾ? ಹಿತ್ತಿಲಲ್ಲಿ ಅಡಿಕೆ ಸುಲಿಯುತ್ತಿರಬಹುದು. ಅಮೆಜಾನ್ ಕ್ಲೌಡ್‌ನಲ್ಲಿ ಹೊಸದಾಗಿ ಮಾಡಿದ ಸೆಕ್ಯುರಿಟಿ ಗ್ರೂಪ್ (ಅಲ್ಲಿನ ಫೈರ್‌ವಾಲ್) ನೀವಾಗಿ ನಿಯಮ ಬರೆಯುವ ತನಕ ಪಿಂಗನ್ನು ಒಳಗೆ ಬಿಡುವುದೇ ಇಲ್ಲ. ಯಂತ್ರ ಮಾತ್ರ ಆರಾಮಾಗಿ ಕೆಲಸ ಮಾಡುತ್ತಿರುತ್ತದೆ. ಉಲ್ಟಾ ಕೂಡ ಅಷ್ಟೇ ನಿಜ: ಪಿಂಗ್ ಚೆನ್ನಾಗಿ ಬಂದೂ 22 ಮುಚ್ಚಿರಬಹುದು.

ಪರೀಕ್ಷಿಸಬೇಕಾದ್ದು ಪೋರ್ಟನ್ನು. ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಆಜ್ಞೆಗೆ ಸರ್ವರ್ ಹೆಸರು, ‘-ಪೋರ್ಟ್ 22’ ಕೊಡಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಎಂದಿದ್ದರೆ ದಾರಿ ಸರಿಯಿದೆ, ಪಾಸ್‌ವರ್ಡ್ ಅಥವಾ ಕೀ ನೋಡಿಕೊಳ್ಳಿ. ಎಸ್‌ಎಸ್‌ಎಚ್ ಕೊಡುವ ಎರರ್ ಕೂಡ ಓದಿ. ‘ಕುಡ್ ನಾಟ್ ರಿಸಾಲ್ವ್’ ಅಂದರೆ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ತೊಂದರೆ. ‘ರಿಫ್ಯೂಸ್ಡ್’ ಬಂದರೆ ಸಾಮಾನ್ಯವಾಗಿ ನೀವು ಯಂತ್ರದ ತನಕ ಮುಟ್ಟಿದ್ದೀರಿ, ಆ ಪೋರ್ಟಿನಲ್ಲಿ ಎಸ್‌ಎಸ್‌ಎಚ್ ಓಡುತ್ತಿಲ್ಲ. ‘ಟೈಮ್ಡ್ ಔಟ್’ ಬಂದರೆ ಹೆಚ್ಚಿನ ಸಲ ಯಾವುದೋ ಫೈರ್‌ವಾಲ್ ಪ್ಯಾಕೆಟ್ ನುಂಗಿದೆ. ಆಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಅದೇ ಪರೀಕ್ಷೆ ಮಾಡಿ. ಅಲ್ಲಿ ‘ಟ್ರೂ’ ಬಂದರೆ ಒಂದೋ ನಿಮ್ಮ ಆಫೀಸು ವೆಬ್‌ಸೈಟಿಗೆ ಬೇಕಾದ 80, 443 ಬಿಟ್ಟು ಬೇರೆ ಪೋರ್ಟನ್ನು ಹೊರಗೆ ಬಿಡುತ್ತಿಲ್ಲ, ಇಲ್ಲವೇ ಆ ಕಡೆಯವರು ನಿಮ್ಮ ಐಪಿಯನ್ನು ತಡೆದಿದ್ದಾರೆ. ಅಡ್ಮಿನ್‌ಗೆ ‘ನೆಟ್ ಇಲ್ಲ’ ಎಂದು ಹೇಳಬೇಡಿ. ಯಾವ ಐಪಿಯಿಂದ, ಯಾವ ಐಪಿಗೆ, ಯಾವ ಪೋರ್ಟು, ಎಷ್ಟು ಗಂಟೆಗೆ, ಇಷ್ಟು ಬರೆದುಕೊಟ್ಟರೆ ಲಾಗ್‌ನಲ್ಲಿ ಆ ಸಾಲು ಬೇಗ ಸಿಗುತ್ತದೆ.

ನೀವು ಕೇಳದ ಇನ್ನೊಂದು ವಿಷಯ. ಮಳೆಗಾಲದಲ್ಲಿ ಘಟ್ಟದಲ್ಲಿ ಮರ ಬಿದ್ದು ಫೈಬರ್ ತುಂಡಾಯಿತು, ರೂಟರ್ 4ಜಿ ಡಾಂಗಲ್‌ಗೆ ಹೊರಳಿತು ಎನ್ನಿ. ಬ್ರೌಸರ್ ಓಡುತ್ತದೆ, ಸರ್ವರ್ ಮಾತ್ರ ಸಿಗುವುದಿಲ್ಲ. ಆ ಕಡೆಯವರು ಫೈಬರಿನ ಸ್ಟಾಟಿಕ್ (ಬದಲಾಗದ) ಐಪಿಗಷ್ಟೇ ಅನುಮತಿ ಕೊಟ್ಟಿರುತ್ತಾರೆ. ‘ಐಪಿಕಾನ್ಫಿಗ್’ ತೋರಿಸುವ 192.168ರ ವಿಳಾಸ ಕಳಿಸಿ ಪ್ರಯೋಜನವಿಲ್ಲ, ಅದು ನಿಮ್ಮ ಗೋಡೆಯೊಳಗಿನದು. ಡಾಂಗಲ್‌ನ ಹೊರ ಐಪಿಯೂ ಸಾಮಾನ್ಯವಾಗಿ ಎಷ್ಟೋ ಗ್ರಾಹಕರು ಹಂಚಿಕೊಂಡದ್ದು, ಬದಲಾಗುತ್ತಲೂ ಇರುತ್ತದೆ. ಹಾಗಾಗಿ ಯಾವ ಐಪಿಯಿಂದ ಬಂದರೂ ಲಾಗಿನ್ ನೋಡಿ ಒಳಬಿಡುವ ವಿಪಿಎನ್ ಕೇಳಿ ಪಡೆಯಿರಿ, ಮೇ ತಿಂಗಳಲ್ಲೇ ಫೈಬರ್ ಕೇಬಲ್ ಕಿತ್ತಿಟ್ಟು ಡಾಂಗಲ್ ಮೇಲೆ ಒಮ್ಮೆ ಲಾಗಿನ್ ಆಗಿ ನೋಡಿ.